ಹೃದಯದ ಪಂಪು ಶಕ್ತಿಯ ಅಳತೆ: ಕಾಂತೀಯ ಅನುರಣನ ಚಿತ್ರಣದ ನೆರವು

ಆರೋಗ್ಯವಂತ ವಯಸ್ಕನ ಹೃದಯವು ನಿಮಿಷಕ್ಕೆ ಸುಮಾರು 70 ಬಾರಿ, ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತದಲ್ಲಿಯೂ ಎಡ ಹೃತ್ಕುಕ್ಷಿಯು ತನ್ನಲ್ಲಿ ತುಂಬಿಕೊಂಡ ರಕ್ತದ ಒಂದು ಭಾಗವನ್ನು ಮಹಾಪಧಮನಿಯ ಮೂಲಕ ಶರೀರಕ್ಕೆ ದೂಡುತ್ತದೆ. ಎಷ್ಟೇ ಬಲವಾದ ಹೃದಯವಾದರೂ ತನ್ನನ್ನು ಪೂರ್ತಿಯಾಗಿ ಬರಿದುಮಾಡಿಕೊಳ್ಳುವುದಿಲ್ಲ. ಸ್ವಲ್ಪ ರಕ್ತ ಒಳಗೇ ಉಳಿಯುತ್ತದೆ. ತುಂಬಿದ್ದರಲ್ಲಿ ಶೇಕಡ ಎಷ್ಟು ಹೊರಕ್ಕೆ ಹೋಯಿತು ಎಂಬ ಲೆಕ್ಕವನ್ನು ವೈದ್ಯರು ಇಜೆಕ್ಷನ್ ಫ್ರ್ಯಾಕ್ಷನ್ ಅಥವಾ ಚಿಕ್ಕದಾಗಿ ಇ.ಎಫ್. ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇದು ಶೇಕಡ 55ರಿಂದ 70ರವರೆಗೆ ಇರುತ್ತದೆ. ಆದುದರಿಂದ ಪರೀಕ್ಷಾ ವರದಿಯಲ್ಲಿ 60 ಎಂಬ ಅಂಕಿಯನ್ನು ಕಂಡು, ನೂರಕ್ಕೆ ನಲವತ್ತು ಕಡಿಮೆಯಾಯಿತೆಂದು ಗಾಬರಿಗೊಳ್ಳಲು ಕಾರಣವಿಲ್ಲ.

ಈ ಅಂಕಿ ಬಹು ಚಿಕ್ಕದಾದರೂ ಅದರ ಮೇಲೆ ನಿಂತಿರುವ ನಿರ್ಣಯಗಳು ದೊಡ್ಡವು. ಹೃದಯಾಘಾತದ ನಂತರವೋ ಹೃದಯ ಸ್ನಾಯುವಿನ ಕಾಯಿಲೆಯಿಂದಲೋ ದುರ್ಬಲವಾದ ಹೃದಯದಲ್ಲಿ ಕೆಲವೊಮ್ಮೆ ಮಿಡಿತದ ಲಯವು ಹಠಾತ್ತನೆ ಕೆಟ್ಟು ಸಾವು ಸಂಭವಿಸುತ್ತದೆ. ಅಂತಹ ಹೊತ್ತಿನಲ್ಲಿ ಒಳಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಲಯವನ್ನು ಸರಿಪಡಿಸುವ ಚಿಕ್ಕ ಉಪಕರಣವೊಂದನ್ನು ಎದೆಯ ಚರ್ಮದ ಕೆಳಗೆ ಅಳವಡಿಸುವುದುಂಟು. ತಿಂಗಳುಗಟ್ಟಲೆ ಸರಿಯಾದ ಔಷಧೋಪಚಾರ ನಡೆದ ಮೇಲೂ ಇ.ಎಫ್. ಶೇಕಡ 35 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ಉಪಕರಣವನ್ನು ಅಳವಡಿಸುವ ವಿಚಾರವನ್ನು ವೈದ್ಯರು ಕೈಗೆತ್ತಿಕೊಳ್ಳುತ್ತಾರೆ. ಉಪಕರಣದ ವೆಚ್ಚ ಲಕ್ಷಗಳಲ್ಲಿದೆ. ಒಬ್ಬ ರೋಗಿಗೆ ಒಂದು ಕಡೆ 33 ಎಂದೂ ಮತ್ತೊಂದು ಕಡೆ 39 ಎಂದೂ ವರದಿ ಬಂದರೆ ಆ ಕುಟುಂಬವು ಯಾವುದನ್ನು ನಂಬಬೇಕು? ಸಾಲ ಮಾಡಬೇಕೇ, ಬೇಡವೇ ಎಂಬುದು ಈ ಆರು ಅಂಶಗಳ ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ಪಂಪಿನ ಶಕ್ತಿಯನ್ನು ಹೇಗೆ ಅಳೆದರು ಎಂಬ ಪ್ರಶ್ನೆ ಆಗ ತಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ.

ಎಕೋ ಪರೀಕ್ಷೆಯ ಗುಣ ಮತ್ತು ಮಿತಿ

ಹೃದಯದ ಪಂಪು ಶಕ್ತಿಯನ್ನು ಅಳೆಯಲು ಮೊದಲು ಮಾಡುವುದು ಎಕೋ ಪರೀಕ್ಷೆಯೇ. ಅದೇ ಯುಕ್ತವೂ ಹೌದು. ಕಿವಿಗೆ ಕೇಳಿಸದ ಧ್ವನಿ ತರಂಗಗಳನ್ನು ಎದೆಯ ಮೇಲಿನಿಂದ ಒಳಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಪಡೆಯುವ ಈ ವಿಧಾನವು ಅಗ್ಗವಾದುದು, ನೋವಿಲ್ಲದುದು. ಯಂತ್ರವನ್ನು ರೋಗಿಯ ಹಾಸಿಗೆಯ ಬಳಿಗೇ ಒಯ್ಯಬಹುದು. ಬಹುಮಂದಿ ರೋಗಿಗಳಿಗೆ ಇಷ್ಟೇ ಸಾಕು.

ಆದರೆ ಧ್ವನಿ ತರಂಗಗಳು ಮೂಳೆಯನ್ನಾಗಲಿ ಗಾಳಿ ತುಂಬಿದ ಶ್ವಾಸಕೋಶವನ್ನಾಗಲಿ ಸುಲಭವಾಗಿ ದಾಟಲಾರವು. ಪಕ್ಕೆಲುಬುಗಳ ನಡುವಿನ ಕಿರುಸಂದಿಯೇ ಅವುಗಳ ಕಿಟಕಿ. ದಪ್ಪ ಶರೀರದವರಲ್ಲಿ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಚಿತ್ರ ಮಸುಕಾಗುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ರೂಢಿಯ ಎಕೋ ಪರೀಕ್ಷೆಯಲ್ಲಿ ಒಂದೆರಡು ಸೀಳುನೋಟಗಳಿಂದ ಹೃತ್ಕುಕ್ಷಿಯ ಒಟ್ಟು ಗಾತ್ರವನ್ನು ಊಹಿಸಲಾಗುತ್ತದೆ. ಹೃತ್ಕುಕ್ಷಿಯು ಕ್ರಮವಾದ ಮೊಟ್ಟೆಯಾಕಾರದಲ್ಲಿದೆ ಎಂದಿಟ್ಟುಕೊಂಡು ಮಾಡುವ ಲೆಕ್ಕವಿದು. ಆರೋಗ್ಯವಂತರಲ್ಲಿ ಈ ಊಹೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಹೃದಯಾಘಾತದಿಂದ ಒಂದು ಗೋಡೆ ಸತ್ತು ಹೊರಕ್ಕೆ ಉಬ್ಬಿದ ಹೃದಯದಲ್ಲಿ ಸರಿಹೋಗುವುದಿಲ್ಲ. ಅಂದರೆ ಅಳತೆ ಯಾರಿಗೆ ಹೆಚ್ಚು ಅಗತ್ಯವೋ ಅವರಲ್ಲಿಯೇ ಊಹೆ ಹೆಚ್ಚು ತಪ್ಪುತ್ತದೆ. ಅಡ್ಡಳತೆಯೊಂದರಿಂದಲೇ ಗಾತ್ರ ಲೆಕ್ಕಿಸುವ ಹಳೆಯ ವಿಧಾನದಲ್ಲಿ ಶೇಕಡ 5ರಷ್ಟು ತಪ್ಪಾದರೆ, ಆ ಸಂಖ್ಯೆಯನ್ನು ಘನ ಮಾಡುವುದರಿಂದ ಗಾತ್ರದಲ್ಲಿ ಸುಮಾರು ಶೇಕಡ 15ರಷ್ಟು ತಪ್ಪು ಬರುತ್ತದೆ. ಮೂರು ಆಯಾಮದ ಎಕೋ ಯಂತ್ರಗಳು ಈ ಕೊರತೆಯನ್ನು ಸಾಕಷ್ಟು ತುಂಬಿವೆ. ಆದರೂ ಕಿಟಕಿಯ ತೊಂದರೆ ಹಾಗೆಯೇ ಉಳಿದಿದೆ.

ನೀರಿನ ಕಣವೇ ಸಾಕ್ಷಿ

ಎಂ.ಆರ್.ಐ. ಎಂದು ಜನಜನಿತವಾಗಿರುವ ಕಾಂತೀಯ ಅನುರಣನ ಚಿತ್ರಣದಲ್ಲಿ ಎಕ್ಸ್ ಕಿರಣವಿಲ್ಲ, ವಿಕಿರಣದ ಭಯವಿಲ್ಲ. ಮಾನವ ಶರೀರದ ಬಹುಭಾಗ ನೀರು. ನೀರಿನಲ್ಲಿರುವ ಹೈಡ್ರೋಜನ್ ಪರಮಾಣುವಿನ ಬೀಜವು ಒಂದು ಸೂಕ್ಷ್ಮ ಅಯಸ್ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದೊಳಗೆ ಇಟ್ಟಾಗ ಇಂತಹ ಬೀಜಗಳು, ತಿರುಗುತ್ತಾ ತಲೆದೂಗುವ ಬುಗುರಿಯಂತೆ, ನಿರ್ದಿಷ್ಟ ವೇಗದಲ್ಲಿ ಓಲಾಡುತ್ತವೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಬಲದ ಕಾಂತದಲ್ಲಿ ಈ ಓಲಾಟ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಬಾರಿ ನಡೆಯುತ್ತದೆ. ಇದು ಆಕಾಶವಾಣಿಯ ಎಫ್.ಎಂ. ಕೇಂದ್ರಗಳ ಪಟ್ಟಿಗೆ ತುಸು ಕೆಳಗಿನ ರೇಡಿಯೋ ಕಂಪನಾಂಕ. ಸರಿಯಾಗಿ ಅದೇ ಕಂಪನಾಂಕದ ರೇಡಿಯೋ ತರಂಗವನ್ನು ಹಾಯಿಸಿದಾಗ ಬೀಜಗಳು ಶಕ್ತಿಯನ್ನು ಹೀರಿಕೊಂಡು, ಅನಂತರ ಕ್ಷೀಣವಾದ ಸಂಕೇತವಾಗಿ ಹೊರಸೂಸುತ್ತವೆ. ಸಂಕೇತವು ಕ್ಷೀಣವಾಗಿರಲು ಕಾರಣವಿದೆ: ಕಾಂತಕ್ಷೇತ್ರದ ದಿಕ್ಕಿಗೆ ಹೊರಳಿದ ಬೀಜಗಳ ಸಂಖ್ಯೆಯು ಎದುರು ದಿಕ್ಕಿನವುಗಳಿಗಿಂತ ಹೆಚ್ಚಾಗಿರುವುದು ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ. ಚಿತ್ರ ಮೂಡುವುದು ಈ ಐದರ ಬಲದಿಂದಲೇ.

ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರು 1946ರಲ್ಲಿ ಈ ಅನುರಣನವನ್ನು ದ್ರವ ಮತ್ತು ಘನ ವಸ್ತುಗಳಲ್ಲಿ ಕಂಡುಹಿಡಿದರು. ಸಂಕೇತವು ಯಾವ ಸ್ಥಳದಿಂದ ಬಂತು ಎಂದು ತಿಳಿದರೆ ಮಾತ್ರ ಚಿತ್ರವಾಗುತ್ತದೆ. ಕಾಂತಕ್ಷೇತ್ರದ ಬಲವನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಇಳಿಜಾರಿನಂತೆ ಬದಲಾಯಿಸಿದರೆ ಪ್ರತಿ ಸ್ಥಳಕ್ಕೂ ಬೇರೆಯಾದ ಕಂಪನಾಂಕ ಬರುತ್ತದೆಂಬುದನ್ನು ಬಳಸಿ 1973ರಲ್ಲಿ ಪಾಲ್ ಲಾಟರ್‌ಬರ್ ಮೊದಲ ಚಿತ್ರಗಳನ್ನು ಪ್ರಕಟಿಸಿದರು. ಇಂದಿನ ಯಂತ್ರಗಳು ಚಿತ್ರ ಕಟ್ಟುವ ಗಣಿತ ಕ್ರಮಕ್ಕೆ ತಳಹದಿಯಾದ ಪ್ರಬಂಧ ಹೊರಬಂದುದು 1975ರಲ್ಲಿ. ಅದರ ಮೂವರು ಕರ್ತೃಗಳು ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್. ಆಗ ಜೂರಿಕ್ ನಗರದಲ್ಲಿದ್ದ ಅನಿಲ್ ಕುಮಾರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಭಾರತದ ಮೊದಲ ಎಂ.ಆರ್.ಐ. ಯಂತ್ರವು 1986ರಲ್ಲಿ ದೆಹಲಿಯ ಪರಮಾಣು ವೈದ್ಯಕೀಯ ಮತ್ತು ಸಂಬಂಧಿತ ವಿಜ್ಞಾನಗಳ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿತು.

ಮಿಡಿಯುವ ಹೃದಯವನ್ನು ನಿಲ್ಲಿಸದೆ ಚಿತ್ರಿಸುವುದು

ಮೆದುಳು, ಬೆನ್ನುಮೂಳೆಗಳು ಕದಲುವುದಿಲ್ಲ. ಹೃದಯವೋ ಕ್ಷಣವೂ ನಿಲ್ಲದು. ಉಸಿರಾಟದೊಂದಿಗೆ ಮೇಲಕ್ಕೂ ಕೆಳಕ್ಕೂ ಸರಿಯುತ್ತದೆ. ಒಂದೇ ಮಿಡಿತದಲ್ಲಿ ಉತ್ತಮ ಚಿತ್ರಕ್ಕೆ ಬೇಕಾದಷ್ಟು ಸಂಕೇತ ಸಂಗ್ರಹಿಸುವುದು ಕಷ್ಟ. ಆದುದರಿಂದ ರೋಗಿಯ ಎದೆಗೆ ಇ.ಸಿ.ಜಿ. ತಂತಿಗಳನ್ನು ಅಂಟಿಸಿ, ಮಿಡಿತದ ಆರಂಭವನ್ನು ಯಂತ್ರಕ್ಕೆ ತಿಳಿಸಲಾಗುತ್ತದೆ. ಮೊದಲ ಮಿಡಿತದಿಂದ ಸ್ವಲ್ಪ, ಎರಡನೆಯದರಿಂದ ಸ್ವಲ್ಪ ಹೀಗೆ ಹತ್ತಾರು ಮಿಡಿತಗಳಿಂದ ಆಯ್ದ ತುಣುಕುಗಳನ್ನು ಯಂತ್ರವು ಹೊಂದಿಸಿ, ಒಂದೇ ಮಿಡಿತದ 20ರಿಂದ 30 ಚಿತ್ರಗಳ ಸರಣಿಯಾಗಿ ಕಟ್ಟುತ್ತದೆ. ತೆರೆಯ ಮೇಲೆ ಅದು ಚಲನಚಿತ್ರದಂತೆ ಓಡುತ್ತದೆ. ಅಷ್ಟು ಹೊತ್ತು, ಅಂದರೆ ಸುಮಾರು 10 ಸೆಕೆಂಡು, ರೋಗಿಯು ಉಸಿರು ಬಿಗಿಹಿಡಿಯಬೇಕು.

ಇಲ್ಲೊಂದು ವಿಚಿತ್ರ ತೊಡಕಿದೆ. ರಕ್ತವು ವಿದ್ಯುದ್ವಾಹಕ. ಪ್ರಬಲ ಕಾಂತಕ್ಷೇತ್ರದಲ್ಲಿ ವಾಹಕವು ಹರಿದರೆ ಅದರಲ್ಲಿ ವಿದ್ಯುತ್ ಒತ್ತಡ ಹುಟ್ಟುತ್ತದೆ. ಮಹಾಪಧಮನಿಯಲ್ಲಿ ಧುಮುಕುವ ರಕ್ತವು ಹೀಗೆ ಹುಟ್ಟಿಸುವ ಒತ್ತಡವು ಇ.ಸಿ.ಜಿ. ರೇಖೆಯಲ್ಲಿ ಬೆರೆತು, ಇಲ್ಲದ ಶಿಖರವನ್ನು ತೋರಿಸುತ್ತದೆ. ಯಂತ್ರವು ಅದನ್ನೇ ಮಿಡಿತವೆಂದು ಎಣಿಸಿದರೆ ಚಿತ್ರ ಕೆಡುತ್ತದೆ. ನಿಜವಾದ ಶಿಖರವನ್ನು ದಿಕ್ಕಿನಿಂದ ಗುರುತಿಸುವ ಕ್ರಮ ಬಂದ ಮೇಲೆ ಈ ತೊಂದರೆ ಬಹುಮಟ್ಟಿಗೆ ನೀಗಿದೆ. ಕಾಂತದೊಳಗಿದ್ದಾಗ ಬರುವ ಇ.ಸಿ.ಜಿ.ಯಿಂದ ಹೃದಯಾಘಾತವಾಗಿದೆಯೇ ಎಂದು ನಿರ್ಣಯಿಸುವುದು ಮಾತ್ರ ಸಾಧ್ಯವಿಲ್ಲ.

ಕೆರೆಯ ನೀರನ್ನು ಅಳೆದಂತೆ

ಕೆರೆಯಲ್ಲಿ ಎಷ್ಟು ನೀರು ನಿಲ್ಲುತ್ತದೆಂದು ಇಂಜಿನಿಯರರು ಲೆಕ್ಕ ಹಾಕುವ ಕ್ರಮವನ್ನು ಇಲ್ಲಿ ನೆನೆಯಬಹುದು. ಕೆರೆಯಂಗಳವು ಗೋಲವೂ ಅಲ್ಲ, ಚೌಕವೂ ಅಲ್ಲ. ಸೂತ್ರವೊಂದರಿಂದ ಅದರ ಗಾತ್ರ ಸಿಗುವುದಿಲ್ಲ. ಆದುದರಿಂದ ಒಂದೊಂದು ಮಟ್ಟದಲ್ಲಿ ನೀರು ಹರಡುವ ವಿಸ್ತೀರ್ಣವನ್ನು ಅಳೆದು, ಮಟ್ಟಗಳ ನಡುವಿನ ಎತ್ತರದಿಂದ ಗುಣಿಸಿ, ಎಲ್ಲ ಪದರಗಳನ್ನೂ ಕೂಡಿಸುತ್ತಾರೆ. ಎಂ.ಆರ್.ಐ. ತಜ್ಞರು ಹೃತ್ಕುಕ್ಷಿಗೆ ಮಾಡುವುದೂ ಇದನ್ನೇ. ಕವಾಟದ ಬುಡದಿಂದ ಹೃದಯದ ತುದಿಯವರೆಗೆ ಸೌತೆಕಾಯಿಯ ಬಿಲ್ಲೆಗಳಂತೆ ಹತ್ತು ಹನ್ನೆರಡು ಅಡ್ಡಸೀಳುಗಳ ಚಿತ್ರ ತೆಗೆಯಲಾಗುತ್ತದೆ. ಪ್ರತಿ ಬಿಲ್ಲೆಯಲ್ಲಿಯೂ ರಕ್ತ ಬೆಳ್ಳಗೆ, ಸ್ನಾಯು ಕಪ್ಪಗೆ ಕಾಣುವುದರಿಂದ ಒಳ ಅಂಚನ್ನು ಸ್ಪಷ್ಟವಾಗಿ ಗುರುತಿಸಬಹುದು.

ಉದಾಹರಣೆಗೆ, ಬಿಲ್ಲೆಗಳು ಒಂದೊಂದು ಸೆಂಟಿಮೀಟರ್ ಅಂತರದಲ್ಲಿವೆ ಎಂದುಕೊಳ್ಳೋಣ. ಹೃದಯ ಪೂರ್ತಿ ಹಿಗ್ಗಿದಾಗ ಎಲ್ಲ ಬಿಲ್ಲೆಗಳ ಒಳವಿಸ್ತೀರ್ಣದ ಮೊತ್ತ 140 ಚದರ ಸೆಂಟಿಮೀಟರ್ ಇದ್ದರೆ ತುಂಬಿದ ರಕ್ತ 140 ಮಿಲಿಲೀಟರ್. ಪೂರ್ತಿ ಕುಗ್ಗಿದಾಗ ಅದು 56 ಆದರೆ, ಹೊರಗೆ ಹೋದುದು 84 ಮಿಲಿಲೀಟರ್. 84ನ್ನು 140ರಿಂದ ಭಾಗಿಸಿದರೆ ಇ.ಎಫ್. ಶೇಕಡ 60. ನಿಮಿಷಕ್ಕೆ 70 ಮಿಡಿತವಾದರೆ ಹೃದಯವು ನಿಮಿಷದಲ್ಲಿ ಹಾಯಿಸಿದ ರಕ್ತ ಸುಮಾರು 5.9 ಲೀಟರ್. ಇಲ್ಲಿ ಆಕಾರದ ಬಗ್ಗೆ ಯಾವ ಊಹೆಯೂ ಇಲ್ಲ. ಗೋಡೆ ಉಬ್ಬಿರಲಿ, ಸೊಟ್ಟಗಿರಲಿ, ಲೆಕ್ಕ ನಡೆಯುತ್ತದೆ. ಆರು ತಿಂಗಳ ನಂತರ ಮತ್ತೆ ಅಳೆದಾಗ ಕಂಡ ವ್ಯತ್ಯಾಸವು ರೋಗದ್ದೇ ಹೊರತು ಅಳತೆಯದ್ದಲ್ಲ ಎಂದು ಹೆಚ್ಚಿನ ಭರವಸೆಯಿಂದ ಹೇಳಬಹುದಾದುದು ಈ ಕಾರಣದಿಂದಲೇ. ಹೊಸ ಔಷಧಗಳ ಪರೀಕ್ಷೆಯಲ್ಲಿಯೂ ಈ ವಿಧಾನವನ್ನು ಬಳಸಿದರೆ ಕಡಿಮೆ ಸಂಖ್ಯೆಯ ರೋಗಿಗಳಿಂದಲೇ ಫಲಿತಾಂಶ ತಿಳಿಯುತ್ತದೆ.

ಆದರೆ ಯಂತ್ರವು ದೈವವಲ್ಲ. ಬುಡದ ಬಿಲ್ಲೆಯಲ್ಲಿ ಹೃತ್ಕುಕ್ಷಿ ಎಲ್ಲಿ ಮುಗಿಯಿತು, ಹೃತ್ಕರ್ಣ ಎಲ್ಲಿ ಆರಂಭವಾಯಿತು ಎಂಬುದನ್ನು ಅಂಚು ಎಳೆಯುವವರೇ ತೀರ್ಮಾನಿಸಬೇಕು. ಆ ಒಂದು ಬಿಲ್ಲೆಯನ್ನು ಸೇರಿಸಿದರೆ ಅಥವಾ ಬಿಟ್ಟರೆ ಗಾತ್ರ ಗಣನೀಯವಾಗಿ ಬದಲಾಗುತ್ತದೆ. ಗಣಕಯಂತ್ರವು ತಾನಾಗಿಯೇ ಅಂಚು ಗುರುತಿಸುವ ಸೌಲಭ್ಯ ಇಂದು ಬಂದಿದ್ದರೂ ತಜ್ಞರ ಕಣ್ಣು ಅದರ ಮೇಲೆ ಹಾಯಲೇಬೇಕು.

ಹರಿವಿನ ಅಳತೆ: ಬೆಂಗಳೂರಿನ ಒಂದು ಹಳೆಯ ಪ್ರಯೋಗ

ಪಂಪು ಎಷ್ಟು ದೂಡಿತು ಎಂಬುದು ಒಂದು ಪ್ರಶ್ನೆ. ದೂಡಿದ್ದೆಲ್ಲ ಸೇರಬೇಕಾದ ಕಡೆಗೆ ಸೇರಿತೇ ಎಂಬುದು ಇನ್ನೊಂದು. ಬಾಲ್ಯದಲ್ಲಿ ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರವು ಹೃದಯದ ಕವಾಟಗಳನ್ನು ಕೆಡಿಸುವುದು ನಮ್ಮ ದೇಶದಲ್ಲಿ ಇನ್ನೂ ಕಾಣುವ ಸಂಗತಿ. ಎಡಭಾಗದ ಮೈಟ್ರಲ್ ಕವಾಟವು ಸರಿಯಾಗಿ ಮುಚ್ಚದಿದ್ದರೆ, ಹೃತ್ಕುಕ್ಷಿಯು ಕುಗ್ಗಿದಾಗ ರಕ್ತದ ಒಂದು ಪಾಲು ಹಿಂದಕ್ಕೆ ಹೃತ್ಕರ್ಣಕ್ಕೆ ಸೋರುತ್ತದೆ. ತೂತುಬಿದ್ದ ಕಪಿಲೆಯ ತೊಗಲ ಚೀಲದಂತೆ ಇದರ ಸ್ಥಿತಿ: ಎತ್ತುಗಳು ಎಷ್ಟೇ ಜೋರಾಗಿ ಎಳೆದರೂ ಅರ್ಧ ನೀರು ಬಾವಿಗೇ ಬೀಳುತ್ತದೆ. ಇಂತಹ ಹೃದಯದಲ್ಲಿ ಇ.ಎಫ್. ಎಂಬ ಅಂಕಿಯು ಮೋಸಮಾಡುತ್ತದೆ. ತುಂಬಿದುದು 200 ಮಿಲಿಲೀಟರ್, ಉಳಿದುದು 80 ಎಂದಾದರೆ ಇ.ಎಫ್. ಶೇಕಡ 60, ನೋಡಲು ಚೆನ್ನಾಗಿಯೇ ಇದೆ. ಮಹಾಪಧಮನಿಯಲ್ಲಿ ನಿಜವಾಗಿ ಹರಿದ ರಕ್ತ 70 ಮಿಲಿಲೀಟರ್ ಮಾತ್ರ ಎಂದು ಅಳೆದು ನೋಡಿದಾಗ ಕಥೆ ಬೇರೆಯಾಗುತ್ತದೆ. ದೂಡಿದ 120ರಲ್ಲಿ 50, ಅಂದರೆ ಶೇಕಡ 40ಕ್ಕೂ ಹೆಚ್ಚು, ಹಿಂದಕ್ಕೆ ಸೋರಿದೆ. ಹೀಗಾಗಿ ತೀವ್ರವಾದ ಮೈಟ್ರಲ್ ಸೋರಿಕೆಯಲ್ಲಿ ಇ.ಎಫ್. ಶೇಕಡ 60ಕ್ಕೆ ಇಳಿದರೆ, ರೋಗಿಗೆ ಆಯಾಸ ಕಾಣದಿದ್ದರೂ, ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತಾರೆ. ಬೇರೆಯವರಿಗೆ ಸಮಾಧಾನದ ಅಂಕಿಯಾದುದು ಇವರಿಗೆ ಎಚ್ಚರಿಕೆಯ ಅಂಕಿ.

ಹರಿವನ್ನು ಅಳೆಯುವ ಈ ವಿದ್ಯೆಯ ಬೇರು ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು 1951ರಲ್ಲಿ ಹರಿಯುವ ದ್ರವಗಳಲ್ಲಿ ಪರಮಾಣು ಬೀಜಗಳ ಅನುರಣನವನ್ನು ಅಧ್ಯಯನ ಮಾಡಿ, ಸಿ.ವಿ. ರಾಮನ್ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಂತ ದ್ರವದಲ್ಲಿ ರೇಡಿಯೋ ತರಂಗವನ್ನು ಸತತವಾಗಿ ಹಾಯಿಸಿದರೆ ಬೀಜಗಳು ದಣಿದಂತಾಗಿ ಸಂಕೇತ ಕುಂದುತ್ತದೆ. ದ್ರವವು ಹರಿಯುತ್ತಿದ್ದರೆ ದಣಿದವು ಮುಂದೆ ಸಾಗಿ, ಅವುಗಳ ಜಾಗಕ್ಕೆ ಹೊಸವು ಬರುವುದರಿಂದ ಸಂಕೇತದ ಬಲವು ಹರಿವಿನ ವೇಗವನ್ನು ಅವಲಂಬಿಸುತ್ತದೆ. ಚಿತ್ರಣದ ಕಲ್ಪನೆಯೇ ಹುಟ್ಟಿರದ ಕಾಲವದು. ಎಂಟು ವರ್ಷಗಳ ನಂತರ, 1959ರಲ್ಲಿ, ಅಮೆರಿಕದ ಜೆ.ಆರ್. ಸಿಂಗರ್ ಅನುರಣನದ ನೆರವಿನಿಂದ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಳೆದರು. ಹರಿವಿನ ಮೇಲಿನ ಅನುರಣನ ಸಂಶೋಧನೆಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಸೂರ್ಯನ್ ಅವರ ಪ್ರಬಂಧದಿಂದ ಆರಂಭಿಸುತ್ತಾರೆ. ಆದರೆ ಅವರ ಹೆಸರು ನಾಡಿನಲ್ಲಿ ಹೆಚ್ಚು ಮಂದಿಗೆ ತಿಳಿದಿಲ್ಲ.

ಇಂದಿನ ಯಂತ್ರಗಳು ಹೃದಯದ ಹರಿವನ್ನು ಅಳೆಯಲು ಬಳಸುವುದು ಇದರ ಮುಂದಿನ ಮೆಟ್ಟಿಲು. ಇಳಿಜಾರು ಕಾಂತಕ್ಷೇತ್ರದಲ್ಲಿ ಚಲಿಸುವ ಬೀಜವು, ಸಾಲಾಗಿ ಹೆಜ್ಜೆಹಾಕುವ ಸೈನಿಕರಲ್ಲಿ ಒಬ್ಬನು ಮುಂದಾದಂತೆ, ನಿಂತ ಬೀಜಗಳ ಓಲಾಟದಿಂದ ಹೆಜ್ಜೆ ತಪ್ಪುತ್ತದೆ. ತಪ್ಪಿದ ಹೆಜ್ಜೆಯ ಪ್ರಮಾಣವು ಅದರ ವೇಗಕ್ಕೆ ಅನುಗುಣವಾಗಿರುತ್ತದೆ. ಮಹಾಪಧಮನಿಯ ಅಡ್ಡಸೀಳಿನ ಪ್ರತಿ ಚುಕ್ಕೆಯಲ್ಲಿಯೂ ವೇಗವನ್ನು ಹೀಗೆ ಅಳೆದು, ವಿಸ್ತೀರ್ಣದಿಂದ ಗುಣಿಸಿದರೆ ಒಂದು ಮಿಡಿತದಲ್ಲಿ ಹರಿದ ರಕ್ತದ ಪ್ರಮಾಣ ದೊರೆಯುತ್ತದೆ.

ಯಾರಿಗೆ ಉಪಯೋಗ

ಬಲ ಹೃತ್ಕುಕ್ಷಿಯು ಅರ್ಧಚಂದ್ರಾಕಾರವಾಗಿ ಎಡ ಹೃತ್ಕುಕ್ಷಿಯನ್ನು ಸುತ್ತಿಕೊಂಡಿರುವುದರಿಂದ ಎಕೋ ಪರೀಕ್ಷೆಯಲ್ಲಿ ಅದರ ಗಾತ್ರ ಸರಿಯಾಗಿ ಸಿಗುವುದು ಕಷ್ಟ. ಹುಟ್ಟಿನಿಂದಲೇ ನೀಲಿಗಟ್ಟುವ ಹೃದ್ರೋಗಕ್ಕೆ ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದವರಲ್ಲಿ, ವರ್ಷಗಳ ನಂತರ ಶ್ವಾಸಕೋಶದ ಕಡೆಯ ಕವಾಟವನ್ನು ಯಾವಾಗ ಬದಲಿಸಬೇಕೆಂಬುದನ್ನು ಬಲ ಹೃತ್ಕುಕ್ಷಿಯ ಗಾತ್ರ ನೋಡಿ ನಿರ್ಧರಿಸುತ್ತಾರೆ. ಇವರಿಗೆ ಎಂ.ಆರ್.ಐ. ಬಹುಮುಖ್ಯ. ಕ್ಯಾನ್ಸರಿನ ಕೆಲವು ಔಷಧಗಳು ಹೃದಯವನ್ನು ಬಳಲಿಸುತ್ತವೆ. ಔಷಧವನ್ನು ಮುಂದುವರಿಸಬೇಕೇ ಎಂಬ ಸಂದೇಹ ಬಂದಾಗಲೂ ಇದು ನೆರವಾಗುತ್ತದೆ.

ಥಲಸ್ಸೇಮಿಯ ಇರುವ ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಇವರಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕಾಗುತ್ತದೆ. ಆ ರಕ್ತದ ಕಬ್ಬಿಣವು ಹೃದಯದ ಸ್ನಾಯುವಿನಲ್ಲಿ ಶೇಖರವಾಗುತ್ತದೆ. ಪಂಪು ಶಕ್ತಿ ಬಹುಕಾಲ ಸರಿಯಾಗಿಯೇ ಕಾಣುತ್ತದೆ. ಕುಸಿಯತೊಡಗಿದಾಗ ಹೊತ್ತು ಮೀರಿರುತ್ತದೆ. ಕಬ್ಬಿಣವು ಅನುರಣನದ ಸಂಕೇತವನ್ನು ಬೇಗ ನಂದಿಸುವುದರಿಂದ, ಸಂಕೇತ ನಂದುವ ಕಾಲವನ್ನೇ ಅಳೆದು ಶೇಖರಣೆಯನ್ನು ಮೊದಲೇ ತಿಳಿಯಬಹುದು. ಈ ಕಾಲ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಹೃದಯದಲ್ಲಿ ಕಬ್ಬಿಣ ಸೇರಿದೆ ಎಂದೂ, 10ಕ್ಕಿಂತ ಕಡಿಮೆಯಾದರೆ ಅಪಾಯ ಹೆಚ್ಚೆಂದೂ ತಿಳಿಯಬೇಕು. ಕಬ್ಬಿಣ ಹೊರಹಾಕುವ ಔಷಧವನ್ನು ಆಗಲೇ ಬಿಗಿಗೊಳಿಸಿದರೆ ಮಗುವಿನ ಹೃದಯ ಉಳಿಯುತ್ತದೆ.

ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದುದು

ಪರೀಕ್ಷೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಕೊಳವೆಯಂತಹ ಯಂತ್ರದೊಳಗೆ ಅಲುಗಾಡದೆ ಮಲಗಿರಬೇಕು. ಒಳಗೆ ಬಡಿದಂತಹ ಗಟ್ಟಿ ಸದ್ದು ಬರುತ್ತದೆ. ಕಿವಿಗೆ ರಕ್ಷಣೆ ಕೊಡುತ್ತಾರೆ, ಕರೆಯಲು ಕೈಗೆ ಗುಂಡಿಯೊಂದನ್ನೂ ಕೊಡುತ್ತಾರೆ. ಪಂಪು ಶಕ್ತಿಯನ್ನು ಅಳೆಯಲು ಚುಚ್ಚುಮದ್ದಿನ ಅಗತ್ಯವಿಲ್ಲ. ಸ್ನಾಯುವಿನ ಗಾಯದ ಗುರುತು ನೋಡಬೇಕಾದಾಗ ಮಾತ್ರ ಗ್ಯಾಡೊಲಿನಿಯಂ ಎಂಬ ದ್ರವ್ಯವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಮೂತ್ರಪಿಂಡದ ಕಾಯಿಲೆ ಇದ್ದವರು ಇದನ್ನು ಮೊದಲೇ ತಿಳಿಸತಕ್ಕದ್ದು.

ಯಂತ್ರದ ಕಾಂತವು ಭೂಮಿಯ ಕಾಂತಕ್ಷೇತ್ರಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಪರೀಕ್ಷೆ ನಡೆಯದಿದ್ದಾಗಲೂ ಅದು ಎಚ್ಚರವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರನ್ನು ಹಿಡಿದು ಕೋಣೆಯೊಳಕ್ಕೆ ಹೋದ, ರೋಗಿಯ ಸಂಬಂಧಿಯೊಬ್ಬರು ಸಿಲಿಂಡರಿನೊಂದಿಗೆ ಯಂತ್ರದತ್ತ ಸೆಳೆಯಲ್ಪಟ್ಟು ಮೃತಪಟ್ಟರು. ಸೀರೆಯ ಪಿನ್ನು, ಕೂದಲ ಕ್ಲಿಪ್ಪು, ಬೀಗದ ಕೈ, ಉಡಿದಾರದ ತಾಯಿತ ಇವನ್ನೆಲ್ಲ ಹೊರಗೇ ತೆಗೆದಿಡಬೇಕು. ಚಿನ್ನವನ್ನು ಅಯಸ್ಕಾಂತ ಎಳೆಯದಾದರೂ ಆಭರಣವು ಬಿಸಿಯಾಗಬಹುದು ಮತ್ತು ಚಿತ್ರವನ್ನು ಕೆಡಿಸುತ್ತದೆ. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದ ಗೃಹಿಣಿಯರು ಅಷ್ಟು ಹೊತ್ತು ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರವನ್ನು ಧರಿಸಬಹುದು. ಅದರಿಂದ ಯಾವ ಅಡ್ಡಿಯೂ ಇಲ್ಲ.

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕೃತಕ ಕವಾಟ ಇರುವವರು ಸಾಮಾನ್ಯವಾಗಿ ಈ ಪರೀಕ್ಷೆಗೆ ಒಳಗಾಗಬಹುದು. ಪೇಸ್‌ಮೇಕರ್ ಇರುವವರ ವಿಷಯ ಹಾಗಲ್ಲ. ಹೊಸ ಮಾದರಿಗಳಲ್ಲಿ ಅನೇಕವು ಎಂ.ಆರ್.ಐ.ಗೆ ತಕ್ಕಂತೆ ತಯಾರಾಗಿವೆ, ಹಳೆಯವು ಅಲ್ಲ. ಉಪಕರಣದೊಂದಿಗೆ ಕೊಟ್ಟ ಕಾರ್ಡನ್ನು ತಪ್ಪದೆ ತೋರಿಸಬೇಕು. ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್ಪು, ಕಿವಿಯೊಳಗಿನ ಉಪಕರಣ, ಕಣ್ಣಿಗೆ ಸಿಡಿದು ಸೇರಿದ ಕಬ್ಬಿಣದ ಚೂರು ಇವನ್ನೂ ತಿಳಿಸಬೇಕು. ಕಮ್ಮಾರಿಕೆ, ವೆಲ್ಡಿಂಗ್ ಕೆಲಸದವರು ಕೊನೆಯದನ್ನು ಮರೆಯಬಾರದು. ಮಿಡಿತದ ಲಯ ತೀರ ಅಡ್ಡಾದಿಡ್ಡಿಯಾಗಿದ್ದರೆ, ಉಸಿರು ಹಿಡಿಯಲು ಆಗದಿದ್ದರೆ ಅಳತೆಯ ನಿಖರತೆ ಕುಗ್ಗುತ್ತದೆ. ಅಂತಹವರಿಗೆ ಉತ್ತಮವಾದ ಎಕೋ ಪರೀಕ್ಷೆಯೇ ಮೇಲಾಗಬಹುದು.

ಎಂ.ಆರ್.ಐ. ಯಂತ್ರವಿರುವ ಎಲ್ಲೆಡೆಯೂ ಹೃದಯದ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ತಕ್ಕ ಸಲಕರಣೆ, ಗಣಕ ವ್ಯವಸ್ಥೆ, ತರಬೇತಿ ಪಡೆದ ತಜ್ಞರು ಬೇಕು. ಇವು ದೊರೆಯುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಯಂತ್ರದ ಬೆಲೆಗೆ ಅತಿವಾಹಕ ಕಾಂತವೇ ಬಹುಮಟ್ಟಿಗೆ ಕಾರಣ. ರೂಢಿಯ ಕಾಂತಗಳನ್ನು ದ್ರವ ಹೀಲಿಯಂನಲ್ಲಿ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಡಬೇಕು. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆಯು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ದೇಶೀಯವಾಗಿ ರೂಪಿಸಿದ 1.5 ಟೆಸ್ಲಾ ಯಂತ್ರವನ್ನು 2023ರ ಆಗಸ್ಟಿನಲ್ಲಿ ಲೋಕಾರ್ಪಣೆ ಮಾಡಲಾಯಿತು.

ಎಂ.ಆರ್.ಐ. ಮಾಡಿಸಿದವರು ವರದಿಯ ಕಾಗದವನ್ನು ಮಾತ್ರವಲ್ಲದೆ ಚಿತ್ರಗಳಿರುವ ಡಿಸ್ಕನ್ನೂ ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇ.ಎಫ್. ಅಂಕಿಯ ಪಕ್ಕದಲ್ಲಿ ಅದನ್ನು ಯಾವ ವಿಧಾನದಿಂದ ಅಳೆದರು, ಹಿಗ್ಗಿದಾಗಿನ ಮತ್ತು ಕುಗ್ಗಿದಾಗಿನ ಗಾತ್ರಗಳು ಎಷ್ಟು ಎಂಬುದು ಬರೆದಿದೆಯೇ ನೋಡಬೇಕು. ಮುಂದಿನ ಬಾರಿ ಸಾಧ್ಯವಾದಷ್ಟು ಮಟ್ಟಿಗೆ ಅದೇ ವಿಧಾನದಿಂದ, ಅದೇ ಕೇಂದ್ರದಲ್ಲಿ ಅಳೆಯಿಸುವುದು ಒಳ್ಳೆಯದು. ಎಕೋದ 38ನ್ನು ಎಂ.ಆರ್.ಐ.ಯ 34ರೊಂದಿಗೆ ಹೋಲಿಸಿ ಹೃದಯ ಕುಸಿಯಿತೆಂದು ಹೇಳಲು ಬರುವುದಿಲ್ಲ.